ಮನೆಯ ಆಲ್ತಾರಿಗೆ ತಂದ ತ್ರಿತ್ವದ ಐಕನ್: ಹಲಗೆ ಪ್ರಿಂಟಿನ ವಿಮರ್ಶೆ

ಮೊದಲು ವಸ್ತುವಿನ ವಿವರ. 10 ಇಂಚು ಅಗಲ, 12.5 ಇಂಚು ಎತ್ತರದ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಮುಕ್ಕಾಲು ಇಂಚು ದಪ್ಪ. ಅದರ ಮೇಲೆ ಅಂಟಿಸಿದ ಕಾಗದದಲ್ಲಿ ರಷ್ಯದ ಸನ್ಯಾಸಿ ಆಂದ್ರೆ ರುಬ್ಲೆವ್ 15ನೇ ಶತಮಾನದ ಆರಂಭದಲ್ಲಿ ಬರೆದ ಪರಮ ತ್ರಿತ್ವದ, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿರುವ ಒಬ್ಬರೇ ದೇವರ, ಐಕನ್ (ಪ್ರಾರ್ಥನೆಗೆಂದು ಬರೆದ ಪವಿತ್ರ ಚಿತ್ರ). ಮೇಲೆ ಹೊಳಪಿಲ್ಲದ ಲೇಪ, ಹಿಂದೆ ನೇತುಹಾಕಲು ಒಂದು ಕೊಂಡಿ. ಮಂಗಳೂರಿನ ಒಂದು ಧಾರ್ಮಿಕ ಸಾಮಗ್ರಿಗಳ ಅಂಗಡಿಯಲ್ಲಿ 850 ರೂಪಾಯಿ ಕೊಟ್ಟು ತಂದೆ. ಮನೆಯ ಆಲ್ತಾರಿನಲ್ಲಿ, ಅಂದರೆ ಪ್ರಾರ್ಥನೆಯ ಪೀಠದಲ್ಲಿ, ಇಟ್ಟು ಎರಡು ಮಳೆಗಾಲ ಅದರ ಎದುರು ಪ್ರಾರ್ಥಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕೊಳ್ಳಬೇಕೇ ಎಂದು ಕೇಳಿದರೆ, ಖಂಡಿತ ಕೊಳ್ಳಿ. ಯಾವುದನ್ನು, ಎಷ್ಟು ದೊಡ್ಡದನ್ನು, ಎಲ್ಲಿ ಇಡಲು ಎಂಬುದನ್ನೆಲ್ಲ ಕೆಳಗೆ ಹೇಳುತ್ತೇನೆ. ಆದರೆ ಆ ಮೂವರು ಯಾರು, ಅವರು ಯಾಕೆ ಹಾಗೆ ಕುಳಿತಿದ್ದಾರೆ ಎಂದು ಹೇಳದೆ ಪ್ರಿಂಟಿನ ಗುಣದೋಷ ಹೇಳಲಿಕ್ಕೆ ಬರುವುದಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಬೇಳ. 1890ರಲ್ಲಿ ಕಟ್ಟಿದ ಶೋಕಮಾತೆಯ ಇಗರ್ಜಿಯ (ಚರ್ಚಿನ) ಫಿರ್ಗಜಿನವರು, ಅಂದರೆ ಆ ಚರ್ಚಿಗೆ ಸೇರಿದ ಕಥೋಲಿಕರು ನಾವು. ವಾರದ ದಿನಗಳಲ್ಲಿ ನಾನು ಕನ್ನಡ ಮಾಧ್ಯಮದ ಶಾಲೆಯ ಟೀಚರ್, ಭಾನುವಾರ ಪೂಜೆ ಮುಗಿದ ಮೇಲೆ ದೊತೊರ್ನ್ (ಧರ್ಮಪಾಠ) ಟೀಚರ್. ನನಗೆ ಸಿಗುವುದು ದೃಢೀಕರಣ ಸಂಸ್ಕಾರಕ್ಕೆ ತಯಾರಾಗುವ ದೊಡ್ಡ ಮಕ್ಕಳು. ಚಿಕ್ಕ ಮಕ್ಕಳು ಶಿಲುಬೆಯ ಗುರುತು ಹಾಕಲು ಕಲಿತರೆ ಸಾಕು. ಈ ದೊಡ್ಡವರು ಸುಮ್ಮನೆ ಬಿಡುವುದಿಲ್ಲ. ಒಬ್ಬ ಹುಡುಗ ಕೇಳಿದ: "ಟೀಚರೇ, ಯೇಸು ದೇವರು ಅಂತಾದರೆ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಯಾರ ಹತ್ತಿರ ಪ್ರಾರ್ಥನೆ ಮಾಡಿದ್ದು? ತನ್ನ ಹತ್ತಿರವೇ?"

ಎಂಥ ಒಳ್ಳೆಯ ಪ್ರಶ್ನೆ! ಇಡೀ ತ್ರಿತ್ವದ ರಹಸ್ಯ ಅದರಲ್ಲಿದೆ.

ತ್ರಿತ್ವ ಕಲಿಸುವಾಗ ಎಲ್ಲರೂ ಹೇಳುವ ಉದಾಹರಣೆ ಒಂದುಂಟು: ನೀರು, ಮಂಜುಗಡ್ಡೆ, ಆವಿ, ಮೂರು ರೂಪ, ವಸ್ತು ಒಂದೇ. ಹುಡುಗನ ಪ್ರಶ್ನೆಯ ಎದುರು ಅದು ನಿಲ್ಲುವುದೇ ಇಲ್ಲ. ಮಂಜುಗಡ್ಡೆ ಆವಿಯ ಹತ್ತಿರ ಮಾತಾಡುವುದಿಲ್ಲ. ಒಂದೇ ದೇವರು ಒಮ್ಮೆ ತಂದೆಯ ವೇಷ, ಒಮ್ಮೆ ಮಗನ ವೇಷ, ಮತ್ತೊಮ್ಮೆ ಆತ್ಮನ ವೇಷ ಹಾಕಿ ಬರುತ್ತಾನೆ ಎಂದು 3ನೇ ಶತಮಾನದಲ್ಲಿ ಸಬೆಲ್ಲಿಯಸ್ ಎಂಬವನ ಹೆಸರಲ್ಲಿ ಹಬ್ಬಿದ ಬೋಧನೆಯೇ ಅದು, ಕ್ರೈಸ್ತ ಸಭೆ ಅದನ್ನು ಆಗಲೇ ತಳ್ಳಿಹಾಕಿತು. ಅದು ನಿಜವಾದರೆ ಗೆತ್ಸೆಮನೆಯ ಪ್ರಾರ್ಥನೆ ಬರೀ ನಾಟಕವಾಗುತ್ತದೆ. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು ಎಂದು ಲೂಕನು ಬರೆದದ್ದು ನಾಟಕದ ಬೆವರಲ್ಲ.

ಇನ್ನೊಂದು ಬದಿಗೆ ಜಾರಿದವನು ಅಲೆಕ್ಸಾಂಡ್ರಿಯದ ಆರಿಯಸ್. ಮಗನು ತಂದೆ ಸೃಷ್ಟಿಸಿದವನು, ಅವನು ಇಲ್ಲದ ಒಂದು ಹೊತ್ತಿತ್ತು ಎಂದ. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪರು ಅದಕ್ಕೆ ಉತ್ತರವಾಗಿ ಮಗನು ತಂದೆಯೊಂದಿಗೆ ಒಂದೇ ಸತ್ವದವನು ಎಂದು ಸಾರಿದರು. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಪವಿತ್ರಾತ್ಮರನ್ನು ತಂದೆ ಮತ್ತು ಮಗನ ಜೊತೆಗೇ ಆರಾಧಿಸುತ್ತೇವೆ ಎಂದು ಸೇರಿಸಿತು. ಭಾನುವಾರದ ಪೂಜೆಯಲ್ಲಿ ನಾವು ಎದ್ದು ನಿಂತು ಹೇಳುವ ವಿಶ್ವಾಸ ಸಂಗ್ರಹ ಅಲ್ಲಿಂದ ಬಂದದ್ದು. ಮಕ್ಕಳಿಗೆ ಅದು ಬಾಯಿಪಾಠ ಉಂಟು. ಆದರೆ ಬಾಯಿಪಾಠ ಇರುವ ಮಾತು ಕಣ್ಣಿಗೆ ಕಾಣಬೇಕು ಎಂದು ನನಗೆ ಬಹಳ ಆಸೆ ಇತ್ತು.

ಫಿರ್ಗಜಿಗೆ ರಿಟ್ರೀಟ್ (ಧ್ಯಾನಕೂಟ) ನಡೆಸಲು ಬಂದಿದ್ದ ಒಬ್ಬ ಸಿಸ್ಟರ್ ಅಂಗೈಯಗಲದ ಒಂದು ಕಾರ್ಡಿನಲ್ಲಿ ಈ ಐಕನನ್ನು ತೋರಿಸಿದರು. ದೊಡ್ಡದು ಬೇಕು ಎಂದು ಹುಡುಕಲು ಸುರುಮಾಡಿದ್ದು ಅಲ್ಲಿಂದ.

ಚಿತ್ರದಲ್ಲಿರುವುದು ಬೈಬಲಿನ ಆದಿಕಾಂಡದ 18ನೇ ಅಧ್ಯಾಯ. ಮಮ್ರೆಯ ಓಕ್ ಮರಗಳ ಹತ್ತಿರ ಮಧ್ಯಾಹ್ನದ ಬಿಸಿಲಲ್ಲಿ ಅಬ್ರಹಾಮ ಗುಡಾರದ ಬಾಗಿಲಲ್ಲಿ ಕುಳಿತಿರುತ್ತಾನೆ. ಕಣ್ಣೆತ್ತಿದರೆ ಮೂವರು ನಿಂತಿದ್ದಾರೆ. ಓಡಿ ಹೋಗಿ ಬಗ್ಗಿ ನಮಸ್ಕರಿಸಿ, ಕಾಲು ತೊಳೆಯಲು ನೀರು ತರಿಸುತ್ತೇನೆ, ಮರದ ಕೆಳಗೆ ದಣಿವಾರಿಸಿಕೊಳ್ಳಿ ಎನ್ನುತ್ತಾನೆ. ಹೆಂಡತಿ ಸಾರಾ ಮೂರು ಅಳತೆ ಹಿಟ್ಟು ನಾದಿ ರೊಟ್ಟಿ ಮಾಡುತ್ತಾಳೆ, ಎಳೆಗರುವಿನ ಅಡುಗೆ ಆಗುತ್ತದೆ, ಮೊಸರು ಹಾಲು ಬರುತ್ತದೆ. ಬಂದವರು ಮೂವರು, ಆದರೂ ಅಬ್ರಹಾಮ ಮೊದಲು "ಸ್ವಾಮೀ" ಎಂದು ಒಬ್ಬರ ಹತ್ತಿರ ಮಾತಾಡಿದ ಹಾಗೆ ಮಾತಾಡುತ್ತಾನೆ. ಸಭಾಪಿತೃಗಳು, ಅಂದರೆ ಮೊದಲ ಶತಮಾನಗಳ ಕ್ರೈಸ್ತ ಗುರುಗಳು, ಈ ಕತೆಯಲ್ಲಿ ತ್ರಿತ್ವದ ನೆರಳನ್ನು ಕಂಡದ್ದು ಹಾಗೆ.

ರುಬ್ಲೆವ್‌ಗಿಂತ ಮೊದಲಿನ ಚಿತ್ರಕಾರರು ಈ ಕತೆಯನ್ನು ಬರೆಯುವಾಗ ಅಬ್ರಹಾಮ, ಸಾರಾ, ಕರು ಕಡಿಯುವ ಆಳು, ಮೇಜಿನ ತುಂಬ ಪಾತ್ರೆ ಎಲ್ಲವನ್ನೂ ಬರೆಯುತ್ತಿದ್ದರು. ರುಬ್ಲೆವ್ ಅದನ್ನೆಲ್ಲ ತೆಗೆದುಹಾಕಿದರು. ಉಳಿದದ್ದು ದೇವದೂತರ ರೂಪದಲ್ಲಿ ಬಂದ ಆ ಮೂವರು, ಒಂದು ಬಿಳಿ ಮೇಜು, ಅದರ ಮೇಲೆ ಒಂದೇ ಒಂದು ಪಾತ್ರೆ. ಹಿಂದೆ ಎಡಕ್ಕೆ ಒಂದು ಮನೆ, ನಡುವೆ ಒಂದು ಮರ, ಬಲಕ್ಕೆ ಒಂದು ಬೆಟ್ಟ. ಮೂವರ ಕೈಯಲ್ಲೂ ದಾರಿ ನಡೆಯುವವರ ತೆಳ್ಳಗಿನ ಕೋಲು. ಮೂವರ ಮುಖವೂ ಹೆಚ್ಚುಕಡಿಮೆ ಒಂದೇ. ಮೂವರ ಉಡುಪಿನಲ್ಲೂ ನೀಲಿ ಉಂಟು. ಎಡಗಡೆಯವರ ನೀಲಿ ಅಂಗಿ ತಿಳಿ ಗುಲಾಬಿ ಬಣ್ಣಕ್ಕೆ ತಿರುಗುವ ಹೊದಿಕೆಯೊಳಗೆ ಮುಕ್ಕಾಲು ಪಾಲು ಮುಚ್ಚಿಹೋಗಿದೆ. ನಡುವಿನವರದು ಕಡುಗೆಂಪು ಅಂಗಿ, ಹೆಗಲಲ್ಲಿ ಚಿನ್ನದ ಪಟ್ಟಿ, ಮೇಲೆ ನೀಲಿ ಹೊದಿಕೆ. ಬಲಗಡೆಯವರದು ನೀಲಿ ಅಂಗಿಯ ಮೇಲೆ ಹಸಿರು. ಎಡದವರು ತಂದೆ, ನಡುವಿನವರು ಮಗ, ಬಲದವರು ಪವಿತ್ರಾತ್ಮ ಎಂದು ಓದುವವರು ಹೆಚ್ಚು. ನಡುವಿನವರೇ ತಂದೆ ಎನ್ನುವ ಪಂಡಿತರೂ ಇದ್ದಾರೆ. ನಾನು ಮೊದಲನೆಯದನ್ನು ಹಿಡಿದಿದ್ದೇನೆ, ಯಾಕೆಂದರೆ ನಡುವಿನವರ ಮತ್ತು ಬಲದವರ ತಲೆ ಎರಡೂ ಎಡಕ್ಕೆ ಬಾಗಿವೆ. ಎಲ್ಲ ಹೊರಡುವುದು ತಂದೆಯಿಂದ.

ಆ ಹುಡುಗನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಮೇಜಿನ ಮೇಲಿನ ಪಾತ್ರೆಯಲ್ಲಿ. ನಡುವಿನವರ ಬಲಗೈ ಆ ಪಾತ್ರೆಯ ಕಡೆಗೆ ಚಾಚಿದೆ, ಕಣ್ಣು ಮಾತ್ರ ತಂದೆಯ ಕಡೆಗೆ. ಪಾತ್ರೆಯೊಳಗೆ ಕೊಂದ ಕರುವಿನ ತಲೆ. "ಅಪ್ಪಾ, ತಂದೆಯೇ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು, ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆಯೇ ಆಗಲಿ" ಎಂದು ಗೆತ್ಸೆಮನೆಯಲ್ಲಿ ಯೇಸು ಹೇಳಿದ ಪಾತ್ರೆ ಇದೇ ಅಲ್ಲವೇ? ತೋಪಿನಲ್ಲಿ ಆ ರಾತ್ರಿ ನಡೆದ ಮಾತುಕತೆ ಆ ರಾತ್ರಿ ಸುರುವಾದದ್ದಲ್ಲ. ಮಗನು ತಂದೆಯ ಕಡೆಗೆ ಮುಖ ಮಾಡಿ ಇರುವುದು ಆದಿಯಿಂದಲೂ ಹಾಗೆಯೇ. ಮನುಷ್ಯನಾಗಿ ಹುಟ್ಟಿದ ಮೇಲೆ ಅದೇ ಮಾತು ಮನುಷ್ಯರ ನಾಲಗೆಯಲ್ಲಿ, ಮನುಷ್ಯರ ಭಯದಲ್ಲಿ, ಬೆವರಿನಲ್ಲಿ ಬಂತು. ನಾನು ಐಕನನ್ನು ಕ್ಲಾಸಿಗೆ ಹೊತ್ತುಕೊಂಡು ಹೋಗಿ ಆ ಹುಡುಗನಿಗೆ ಹೇಳಿದೆ: ತನ್ನ ಹತ್ತಿರವೇ ಅಲ್ಲ ಮಗಾ, ತಂದೆಯ ಹತ್ತಿರ, ಆದರೆ ಇಬ್ಬರು ದೇವರಲ್ಲ. ಅವನು ಸುಮಾರು ಹೊತ್ತು ಚಿತ್ರ ನೋಡಿ, "ಹಾಗಾದರೆ ದೇವರು ಒಬ್ಬರೇ ಆದರೂ ಒಂಟಿ ಅಲ್ಲ" ಎಂದ. ಪುಸ್ತಕದಲ್ಲಿ ಬರೆದುಕೊಳ್ಳಿ ಎಂದು ಉಳಿದ ಮಕ್ಕಳಿಗೆ ಹೇಳಿದೆ.

ಈಗ ಪ್ರಿಂಟಿಗೆ ಬರೋಣ. ಇಷ್ಟು ಹೇಳಿದ್ದು ಯಾಕೆಂದರೆ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಪ್ರಿಂಟುಗಳಲ್ಲಿ ಈ ವಿಷಯಗಳೇ ಹಾಳಾಗಿವೆ.

ಮೊದಲನೆಯದು ಅಳತೆ. ಮೂಲ ಐಕನ್ 142 ಸೆಂಟಿಮೀಟರ್ ಎತ್ತರ, 114 ಸೆಂಟಿಮೀಟರ್ ಅಗಲ. ಅಂದರೆ 10 ಇಂಚು ಅಗಲಕ್ಕೆ ಸುಮಾರು 12.5 ಇಂಚು ಎತ್ತರ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಸಿದ್ಧ ಫ್ರೇಮಿನ ಅಳತೆಗೆ ಕತ್ತರಿಸಿದ 8 ಇಂಚು 12 ಇಂಚಿನದು. ಅದರಲ್ಲಿ ಎರಡು ಬದಿಯ ದೂತರ ಬೆನ್ನು, ರೆಕ್ಕೆ ಹೋಗಿರುತ್ತದೆ. ಈ ಚಿತ್ರದಲ್ಲಿ ಮೂವರ ಮೈಯ ಗೆರೆ ಸೇರಿ ಒಂದು ವೃತ್ತವಾಗುತ್ತದೆ. ತಂದೆ, ಮಗ, ಆತ್ಮ ಒಬ್ಬರೊಳಗೊಬ್ಬರು ಇರುವುದನ್ನು ರುಬ್ಲೆವ್ ಹೇಳಿದ್ದು ಆ ವೃತ್ತದಲ್ಲಿ. ಬದಿ ಕತ್ತರಿಸಿದರೆ ವೃತ್ತ ಒಡೆಯುತ್ತದೆ. ಚೌಕದಲ್ಲಿ ಬರುವ ಪ್ರಿಂಟುಗಳು ಇನ್ನೂ ಕೆಟ್ಟವು: ಮೇಲಿನ ಮನೆ, ಮರ, ಬೆಟ್ಟ ಹೋಗುತ್ತವೆ, ಕೆಳಗೆ ಪಾದಪೀಠಗಳೂ ಹೋಗುತ್ತವೆ. ಆ ಮರ ಮಮ್ರೆಯ ಮರವೂ ಹೌದು, ಶಿಲುಬೆಯ ಮರವೂ ಹೌದು. ಅದಿಲ್ಲದೆ ಏನು ಉಳಿಯಿತು? ಕೊಳ್ಳುವ ಮೊದಲು ಅಳತೆಪಟ್ಟಿ ಇಟ್ಟು ನೋಡಿ, ಅಂಗಡಿಯವರು ಬೇಸರಿಸಿದರೂ ಅಡ್ಡಿಯಿಲ್ಲ.

ಪಾದಪೀಠಗಳ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಸಾಮಾನ್ಯ ಚಿತ್ರಗಳಲ್ಲಿ ಗೆರೆಗಳು ದೂರ ಹೋಗುತ್ತ ಒಂದಕ್ಕೊಂದು ಹತ್ತಿರವಾಗುತ್ತವೆ. ಐಕನ್‌ಗಳಲ್ಲಿ ತಿರುಗಾಮುರುಗಾ, ಗೆರೆಗಳು ನೋಡುವವರ ಕಡೆಗೆ ಬಂದು ಕೂಡುತ್ತವೆ. ಎಡಬಲದ ಎರಡು ಪಾದಪೀಠಗಳನ್ನು ಗಮನಿಸಿದರೆ ಇದು ಗೊತ್ತಾಗುತ್ತದೆ. ಮೇಜಿನ ಮೂರು ಬದಿಯಲ್ಲಿ ಮೂವರು ಕುಳಿತಿದ್ದಾರೆ, ನಮ್ಮ ಕಡೆಯ ನಾಲ್ಕನೇ ಬದಿ ಖಾಲಿ. ಗೆರೆಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಆ ಜಾಗ ಯಾರದ್ದು ಎಂದು ನಾನು ಮಕ್ಕಳಿಗೆ ಹೇಳಬೇಕಾಗಲೇ ಇಲ್ಲ.

ಎರಡನೆಯದು ಬಣ್ಣ. ನಮ್ಮಲ್ಲಿ ಹೊಳೆಯುವ ಚಿನ್ನದ ಫಾಯಿಲ್ ಹಾಕಿದ ಪ್ರಿಂಟುಗಳಿಗೆ ಬೇಡಿಕೆ ಹೆಚ್ಚು. ನೋಡಲು ಶ್ರೀಮಂತವಾಗಿ ಕಾಣುತ್ತದೆ. ಈ ಚಿತ್ರಕ್ಕೆ ಅದು ಹೇಳಿದ್ದಲ್ಲ. ಮೂಲ ಐಕನ್ ಎಷ್ಟೋ ಶತಮಾನ ಚಿನ್ನದ ಹೊದಿಕೆಯ ಕೆಳಗೇ ಇತ್ತು. ರಷ್ಯದ ದೊರೆಗಳಾದ ತ್ಸಾರರು ಭಕ್ತಿಯಿಂದ ಮಾಡಿಸಿ ಹಾಕಿದ ಕವಚ ಅದು. ಕವಚದ ಕೆಳಗೆ ಎಣ್ಣೆ, ದೀಪದ ಮಸಿ, ಮೇಲಿಂದ ಮೇಲೆ ಬಳಿದ ಬಣ್ಣ. 1904ರಲ್ಲಿ ವಾಸಿಲಿ ಗುರಿಯಾನೊವ್ ಎಂಬ ಐಕನ್ ಚಿತ್ರಕಾರರು ಕವಚ ತೆಗೆಸಿ, ಪದರ ಪದರವಾಗಿ ತೊಳೆದಾಗ ಆ ನೀಲಿ ಹೊರಗೆ ಬಂತು. ಅಷ್ಟು ಕಷ್ಟದಿಂದ ಹೊರಗೆ ಬಂದದ್ದನ್ನು ಪುನಃ ಚಿನ್ನದಲ್ಲಿ ಮುಚ್ಚಬಾರದು. ನಾನು ತಂದ ಪ್ರಿಂಟಿನಲ್ಲಿ ಬಣ್ಣ ತಣ್ಣಗಿದೆ, ಸವೆದ ಜಾಗಗಳು ಸವೆದ ಹಾಗೆಯೇ ಕಾಣುತ್ತವೆ. ಒಂದು ಕೊರತೆ: ಬಲಗಡೆಯವರ ಹಸಿರು ಹೊದಿಕೆ ಬೇಕಾದ್ದಕ್ಕಿಂತ ಹೆಚ್ಚು ಬೂದುಬಣ್ಣವಾಗಿದೆ. ಪವಿತ್ರಾತ್ಮ ಜೀವದಾತ ಎಂದು ವಿಶ್ವಾಸ ಸಂಗ್ರಹದಲ್ಲಿ ಹೇಳುತ್ತೇವೆ. ಜೂನಿನಲ್ಲಿ ನಮ್ಮ ಅಡಿಕೆ ತೋಟದ ಬುಡದಲ್ಲಿ ಚಿಗುರುವ ಹಸಿರು ಅಲ್ಲಿ ಇರಬೇಕಿತ್ತು.

ಮೂರನೆಯದು ಮೇಲಿನ ಲೇಪ. 150 ರೂಪಾಯಿಗೆ ಗಾಜಿನ ಹಾಗೆ ಮಿಂಚುವ ಲ್ಯಾಮಿನೇಶನ್ ಸಿಗುತ್ತದೆ. ಸಂಜೆ ತೇರ್ಸಿನ (ಜಪಮಾಲೆ ಪ್ರಾರ್ಥನೆಯ) ಹೊತ್ತಿಗೆ ಮೊಂಬತ್ತಿ ಹಚ್ಚಿದರೆ ಅದರಲ್ಲಿ ಕಾಣುವುದು ಮೊಂಬತ್ತಿ, ಹಿಂದಿನ ಟ್ಯೂಬ್‌ಲೈಟ್, ಮನೆಯವರ ತಲೆ. ಹೊಳಪಿಲ್ಲದ್ದಕ್ಕೆ ಹೆಚ್ಚು ಕೊಡುವುದು ನಷ್ಟವಲ್ಲ.

ಆಚೆ ಮನೆಯ ಹವ್ಯಕರ ಅಕ್ಕ ಒಮ್ಮೆ ತೆಂಗಿನಕಾಯಿ ಕೊಡಲು ಬಂದವರು ಇದನ್ನು ನೋಡಿ ನಿಂತರು. "ಇದೆಂತದು ಟೀಚರೇ, ಮೂರು ಜನಕ್ಕೂ ಒಂದೇ ಮುಖ? ನಮ್ಮ ದತ್ತಾತ್ರೇಯರ ಹಾಗೆಯಾ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಅರ್ಥ ಉಂಟು. ಯುರೋಪಿನಲ್ಲೂ ಒಂದು ಕಾಲದಲ್ಲಿ ಒಂದೇ ತಲೆಗೆ ಮೂರು ಮುಖ ಇಟ್ಟು ತ್ರಿತ್ವವನ್ನು ಬರೆಯುತ್ತಿದ್ದರು. 1628ರಲ್ಲಿ 8ನೇ ಅರ್ಬನ್ ಪೋಪರು ಅದನ್ನು ನಿಷೇಧಿಸಿದರು. ನಮ್ಮ ನಂಬಿಕೆಯಲ್ಲಿ ಮೂವರು ಒಂದು ದೇಹದ ಮೂರು ಮುಖಗಳಲ್ಲ. ಒಬ್ಬರು ಇನ್ನೊಬ್ಬರಿಗೆ ಮುಖ ಕೊಟ್ಟು ಇರುವವರು. ತಂದೆ ಮಗನಲ್ಲ, ಮಗ ಆತ್ಮನಲ್ಲ, ಆದರೆ ಮೂವರ ದೈವತ್ವ, ಮಹಿಮೆ, ಚಿತ್ತ ಒಂದೇ. ಪರಸ್ಪರ ಸಂಬಂಧ ಬಿಟ್ಟರೆ ಅವರ ನಡುವೆ ಬೇರೆ ವ್ಯತ್ಯಾಸವೇ ಇಲ್ಲ ಎಂದು ಸಭಾಪಿತೃಗಳು ಹೇಳಿದ್ದನ್ನೇ ಈ ಚಿತ್ರಕಾರ ಒಂದೇ ಮುಖ ಮೂರು ಸಲ ಬರೆದು ಹೇಳಿದ್ದು. ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅಬ್ರಹಾಮನ ಕತೆ ಹೇಳಿದಾಗ ಅವರ ಮುಖ ಅರಳಿತು. ಬಿಸಿಲಲ್ಲಿ ಬಂದವರಿಗೆ ಹೆಸರು ಕೇಳುವ ಮೊದಲು ಆಸರಿಂಗೆ (ಬಾಯಾರಿಕೆಗೆ) ಕೊಡುವುದು ಅವರ ಮನೆಯ ಕ್ರಮ. ಅಬ್ರಹಾಮ ಮಾಡಿದ್ದೂ ಅದನ್ನೇ.

ರಷ್ಯದ ಆರ್ಥೊಡಾಕ್ಸ್ ಸಭೆಯ ಐಕನನ್ನು ಕಥೋಲಿಕರು ಆಲ್ತಾರಿನಲ್ಲಿ ಇಡಬಹುದೇ ಎಂದು ಇಗರ್ಜಿಯ ಅಂಗಳದಲ್ಲಿ ಒಬ್ಬಿಬ್ಬರು ಕೇಳಿದ್ದಾರೆ. ಧಾರಾಳ ಇಡಬಹುದು. ಪವಿತ್ರಾತ್ಮರು ತಂದೆಯಿಂದ ಹೊರಡುತ್ತಾರೆಂದು ಅವರು ಹೇಳುತ್ತಾರೆ, ತಂದೆಯಿಂದಲೂ ಮಗನಿಂದಲೂ ಎಂದು ನಾವು ಹೇಳುತ್ತೇವೆ. ಆ ಭೇದ ದೊಡ್ಡದು, ಇನ್ನೂ ತೀರಿಲ್ಲ. ಚಿತ್ರದ ಎದುರು ಮೊಣಕಾಲೂರಲು ಅದು ಅಡ್ಡ ಬರುವುದಿಲ್ಲ. ನಮ್ಮ ಇಗರ್ಜಿಯ ಗುರುಗಳಾದ ವಿಗಾರರೇ ಬಂದು ಆಶೀರ್ವದಿಸಿ ಕೊಟ್ಟರು.

ಇನ್ನು ಪ್ರಾರ್ಥನೆ. ನನ್ನ ಮಟ್ಟಿಗೆ ಈ ವಸ್ತುವಿನ ಬೆಲೆ ತೀರ್ಮಾನವಾಗುವುದು ಇಲ್ಲಿ. ಹಿಂದೆಲ್ಲ ನಾನು ಪ್ರಾರ್ಥಿಸುವಾಗ ದೇವರು ಎದುರಿಗೆ, ನಾನು ಇತ್ತ. ನಡುವೆ ಉದ್ದ ದಾರಿ. ಪೂಜೆಯಲ್ಲಿ ಗುರುಗಳು ಹೇಳುವ ಪ್ರಾರ್ಥನೆಗಳನ್ನು ಕಿವಿಗೊಟ್ಟು ಕೇಳಿ: ಹೆಚ್ಚಿನವು ತಂದೆಗೆ ಹೇಳಿದವು, ಕೊನೆಯಲ್ಲಿ ಕ್ರಿಸ್ತರ ಮೂಲಕ, ಪವಿತ್ರಾತ್ಮರ ಐಕ್ಯದಲ್ಲಿ ಎಂದು ಬರುತ್ತದೆ. ರೊಟ್ಟಿ ಮತ್ತು ಪಾನಪಾತ್ರೆಯನ್ನು ಎತ್ತಿ ಹಿಡಿದು ಹೇಳುವ ಸ್ತುತಿಯೂ ಹಾಗೆಯೇ, ಅವರ ಮೂಲಕ, ಅವರೊಂದಿಗೆ, ಅವರಲ್ಲಿ. ಅಂದರೆ ತಂದೆಯ ಹತ್ತಿರ ಮಗನು ಆಗಲೇ ಮಾತಾಡುತ್ತಿದ್ದಾರೆ, ನಮ್ಮನ್ನು ಆ ಮಾತಿನೊಳಗೆ ಸೇರಿಸಿಕೊಳ್ಳುವವರು ಆತ್ಮ. ಸಂತ ಪೌಲ ಗಲಾತ್ಯದವರಿಗೆ ಬರೆದದ್ದು ಇದನ್ನೇ: ಮಗನ ಆತ್ಮನನ್ನು ದೇವರು ನಮ್ಮ ಹೃದಯದೊಳಗೆ ಕಳಿಸಿದ್ದಾರೆ, ಆ ಆತ್ಮ "ಅಪ್ಪಾ, ತಂದೆಯೇ" ಎಂದು ಕೂಗುತ್ತಾರೆ. ಗೆತ್ಸೆಮನೆಯ ಆ ಕೂಗು ನಮ್ಮ ಬಾಯಿಗೆ ಬರುವುದು ಹಾಗೆ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಆತ್ಮ ತಾವೇ ಮಾತಿಲ್ಲದ ನಿಟ್ಟುಸಿರಿನಿಂದ ನಮಗಾಗಿ ಬೇಡುತ್ತಾರೆ ಎಂದೂ ಇದೆ.

ನಮ್ಮ ಅತ್ತೆಗೆ ಪಕ್ಷವಾತವಾಗಿ ಮಾತು ಹೋಗಿದೆ. ತೇರ್ಸಿನ ಮಣಿ ಹಿಡಿಯುತ್ತಾರೆ, ತುಟಿ ಅಲ್ಲಾಡುತ್ತದೆ, ಶಬ್ದ ಬರುವುದಿಲ್ಲ. ಜೀವಮಾನವಿಡೀ "ಬಾಪಾಚ್ಯಾ, ಪುತಾಚ್ಯಾ" (ತಂದೆಯ, ಮಗನ) ಎಂದು ಕೊಂಕಣಿಯಲ್ಲಿ ಗಟ್ಟಿಯಾಗಿ ಹೇಳಿ ಮನೆಯವರನ್ನೆಲ್ಲ ಪ್ರಾರ್ಥನೆಗೆ ಕೂರಿಸಿದವರು ಅವರು. ಈಗ ಅವರ ಪ್ರಾರ್ಥನೆ ಅರ್ಧಕ್ಕೆ ನಿಂತಿತೆಂದು ನನಗೆ ಬಹಳ ದುಃಖವಿತ್ತು. ಅವರ ಕುರ್ಚಿಯನ್ನು ಐಕನಿನ ಎದುರಿಗೆ ತಿರುಗಿಸಿ ಇಟ್ಟಿದ್ದೇವೆ. ಹತ್ತು ಮಣಿಗಳಿಗೊಮ್ಮೆ ತ್ರಿತ್ವಸ್ತುತಿ ಬರುವಾಗ ತಲೆ ಬಗ್ಗಿಸುವುದು ನಮ್ಮ ಮನೆಯ ರೂಢಿ. ಆ ಹೊತ್ತಿಗೆ ಅವರ ತಲೆಯೂ ಬಾಗುತ್ತದೆ, ಚಿತ್ರದಲ್ಲಿ ಮಗ ಮತ್ತು ಆತ್ಮ ಬಾಗಿದ ದಿಕ್ಕಿಗೇ. ಅವರಿಗೆ ಮಾತಿಲ್ಲದಾಗ ಒಳಗಿಂದ ಬೇಡುವವರು ಒಬ್ಬರಿದ್ದಾರೆಂಬುದು ನನಗೆ ಈಗ ಪಾಠವಲ್ಲ, ಸಮಾಧಾನ.

ಬಾಳಿಕೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಮ್ಮ ಊರಿನವರಿಗೆ ದೊಡ್ಡ ತೊಂದರೆ ಅದೇ. ಎಂಡಿಎಫ್ ನೀರಿಗೆ ಆಗದು. ಮುಂಭಾಗಕ್ಕೆ ಲೇಪ ಇದ್ದರೂ ಅಂಗಡಿಯಿಂದ ಬರುವಾಗ ಹಿಂಭಾಗ, ಅಂಚುಗಳು ಬರಿದಾಗಿರುತ್ತವೆ. ಮೊದಲ ಮಳೆಗಾಲದಲ್ಲಿ ಕೆಳಗಿನ ಅಂಚು ಉಬ್ಬಿತು, ಕಾಗದದ ಒಂದು ಮೂಲೆ ಎದ್ದಿತು. ಬದಿಯಡ್ಕ ಪೇಟೆಯಲ್ಲಿ ಫ್ರೇಮ್ ಹಾಕುವವರೊಬ್ಬರು ಅಂಚನ್ನು ಉಜ್ಜಿ, ಹಿಂದೆ ಮತ್ತು ನಾಲ್ಕು ಬದಿಗೆ ಎರಡು ಕೋಟ್ ವಾರ್ನಿಶ್ ಹೊಡೆದು, ಮೂಲೆಗೆ ಅಂಟು ಹಾಕಿ ಒತ್ತಿಟ್ಟು ಸರಿಮಾಡಿದರು. ಗೋಡೆಗೆ ತಾಗದ ಹಾಗೆ ಹಿಂದೆ ನಾಲ್ಕು ಸಣ್ಣ ರಬ್ಬರ್ ಬುಡ ಅಂಟಿಸಿಕೊಟ್ಟರು. ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಗಾಳಿ ಆಡಬೇಕು. ಎರಡನೇ ಮಳೆಗಾಲಕ್ಕೆ ಏನೂ ಆಗಲಿಲ್ಲ. ಗಾಜು ಹಾಕಿಸಬೇಡಿ, ಒಳಗೆ ಬೂಸ್ಟು ಹಿಡಿಯುತ್ತದೆ. ಸಾಗುವಾನಿಯ ಹಲಗೆಯಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು, ಬೆಲೆ ಮೂರು ಪಟ್ಟಾಗುತ್ತದೆ.

ಕ್ಲಾಸಿಗೆ ಮಾತ್ರ ಈ ಗಾತ್ರ ಸಾಲದು. ಹಿಂದಿನ ಬೆಂಚಿನವರಿಗೆ ಪಾತ್ರೆ ಕಾಣುವುದಿಲ್ಲ. ಫ್ಲೆಕ್ಸಿನಲ್ಲಿ ದೊಡ್ಡದು ಮಾಡಿಸಿ ನೋಡಿದೆ. ನೀಲಿ ನೇರಳೆಯಾಯಿತು, ಮುಖಗಳು ಒಡೆದವು. ದಪ್ಪ ಕಾಗದದಲ್ಲಿ 20 ಇಂಚು 25 ಇಂಚಿನದು ಮಾಡಿಸುವುದೇ ಸರಿ ಎಂದು ಕಾಣುತ್ತದೆ. ಫಿರ್ಗಜಿನ ದೊತೊರ್ನ್ ಸಮಿತಿಗೆ ಹೇಳಿದ್ದೇನೆ, ಒಪ್ಪಿದ್ದಾರೆ.

ಪವಿತ್ರಾತ್ಮರು ಇಳಿದುಬಂದ ಹಬ್ಬವಾದ ಪೆಂತೆಕೊಸ್ತಿನ ಮರು ಭಾನುವಾರ ಪರಮ ತ್ರಿತ್ವದ ಹಬ್ಬ. 1334ರಲ್ಲಿ 22ನೇ ಜಾನ್ ಪೋಪರು ಇಡೀ ಪಶ್ಚಿಮದ ಸಭೆಗೆ ವಿಧಿಸಿದ ದಿನ ಅದು. ನಮ್ಮಲ್ಲಿ ಮಳೆ ಹಿಡಿಯುವುದೂ ಹೆಚ್ಚಾಗಿ ಆ ಹೊತ್ತಿಗೇ. ಹಬ್ಬಕ್ಕೆ ಮನೆಯಲ್ಲಿ ಇಡಬೇಕೆಂದಿದ್ದರೆ ಈಸ್ಟರ್ ಮುಗಿದ ಕೂಡಲೇ ಅಂಗಡಿಗೆ ಹೇಳಿ ತರಿಸಿ, ಬಿಸಿಲು ಇರುವಾಗಲೇ ಹಿಂಭಾಗಕ್ಕೆ ವಾರ್ನಿಶ್ ಹೊಡೆಸಿ. ಜೂನಿನಲ್ಲಿ ಹೊಡೆದ ವಾರ್ನಿಶ್ ವಾರವಾದರೂ ಒಣಗುವುದಿಲ್ಲ.